ಗಾಲಿಯ ಎಣಿಕೆಯೂ ಮುಳ್ಳಿನ ಅಂದಾಜೂ
(ಹಳೆಯ ಕಾರಿನ ವೇಗಮಾಪಕದ ಶೋಧನೆ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯ ದಾರಿಯಳತೆ)

೧

ನಡೆದ ದೂರವನ್ನು ಅಳೆಯುವುದೂ ನಡೆಯುತ್ತಿರುವ ವೇಗವನ್ನು ತಿಳಿಯುವುದೂ ಮೇಲುನೋಟಕ್ಕೆ ಒಂದೇ ಕೆಲಸದಂತೆ ತೋರಿದರೂ ವಾಸ್ತವವಾಗಿ ಎರಡು ಬೇರೆ ಕೆಲಸಗಳಾಗಿವೆ. ಮೊದಲನೆಯದು ಎಣಿಕೆ, ಎರಡನೆಯದು ಅಂದಾಜು. ಹಳೆಯ ಮೋಟಾರು ಕಾರಿನಲ್ಲಿ ಚಾಲಕನ ಕಣ್ಣೆದುರಿಗಿರುವ, ಸ್ಪೀಡೋಮೀಟರ್ ಎಂದು ಜನರು ಕರೆಯುವ ವೇಗಮಾಪಕದಲ್ಲಿ ಇವೆರಡೂ ಒಂದೇ ಗಾಜಿನ ಹಿಂದೆ ಕೂಡಿಕೊಂಡಿರುವುದು. ಅಂಕಿಗಳ ಚಿಕ್ಕ ಗಾಲಿಗಳು ಉರುಳಿ ದೂರವನ್ನು ಎಣಿಸುತ್ತವೆ. ಮುಳ್ಳು ಬಾಗಿ ವೇಗವನ್ನು ಸೂಚಿಸುತ್ತದೆ. ಈ ಯಂತ್ರವು ಕೆಟ್ಟು ತಪ್ಪು ಹೇಳತೊಡಗಿದಾಗ ಆ ತಪ್ಪು ಎಣಿಕೆಯದೋ ಅಂದಾಜಿನದೋ ಎಂಬುದನ್ನು ವಿಂಗಡಿಸುವುದೇ ಶೋಧನೆಯ ಮೊದಲನೆಯ ಮೆಟ್ಟಿಲು.

ಈ ವಿಂಗಡಣೆಯ ಕ್ರಮವು ಮೋಟಾರಿನೊಡನೆ ಹುಟ್ಟಿದುದಲ್ಲ. ಅಳತೆಯ ಸಾಧನವು ತನ್ನ ತಪ್ಪನ್ನು ತಾನೇ ತಿಳಿಸಲಾರದು, ಅದರ ಹೊರಗೆ ನಿಂತ ಇನ್ನೊಂದು ಸಾಕ್ಷಿ ಬೇಕು ಎಂಬ ತತ್ತ್ವವನ್ನು ೧೮೦೦ರ ಸುಮಾರಿನಲ್ಲಿ ಮೈಸೂರು ಸೀಮೆಯನ್ನು ಅಳೆದವರು ಚೆನ್ನಾಗಿ ಬಲ್ಲವರಾಗಿದ್ದರು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಎಂಬ ನಾಲ್ಕು ಊರುಗಳ ಸೀಮೆಯು ಆ ಅಳತೆಯ ಕಾಲವನ್ನೂ ಮೋಟಾರಿನ ಕಾಲವನ್ನೂ ಕಂಡಿರುವುದರಿಂದ, ಸರಪಳಿಯಿಂದ ಮುಳ್ಳಿನವರೆಗೆ ಈ ತತ್ತ್ವವು ಬಂದ ದಾರಿಯನ್ನು ಇಲ್ಲಿ ವಿಚಾರಿಸಬಹುದು.

೨

ಕನ್ನಡ ನಾಡಿನಲ್ಲಿ ದೂರವನ್ನು ಹೇಳುವುದಕ್ಕೆ ಮಾರು, ಕೂಗಳತೆ, ಹರದಾರಿ, ಗಾವುದ ಮೊದಲಾದ ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಹರದಾರಿಯೆಂದರೆ ಸುಮಾರು ಮೂರು ಮೈಲಿ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುವುದುಂಟು. ಆದರೆ ಇದು ದಾರಿಗಾರನ ನಡಿಗೆಯಿಂದ ಹುಟ್ಟಿದ ಅಳತೆ. ಏರುದಾರಿಯ ಹರದಾರಿಯೂ ಬಯಲುದಾರಿಯ ಹರದಾರಿಯೂ ಸಮವಾಗಿರಬೇಕೆಂಬ ಕಟ್ಟು ಅದಕ್ಕೆ ಇರಲಿಲ್ಲ.

ಭೂಮಿಯ ಅಳತೆಯಲ್ಲಿ ಹೀಗಿರಲಿಲ್ಲ. ದತ್ತಿಬಿಟ್ಟ ಗದ್ದೆ ಬೆದ್ದಲುಗಳ ವಿಸ್ತಾರವನ್ನು ಹೇಳುವಾಗ ಶಾಸನಗಳು ಇಂತಹ ಗಳೆಯಿಂದ ಅಳೆದುದೆಂದು ಗಳೆಯ ಹೆಸರನ್ನು ಹೇಳುವುದುಂಟು. ಭೇರುಂಡ ಗಳೆ ಎಂಬ ಹೆಸರು ಬಳ್ಳಿಗಾವೆಯ ಕಡೆಯ ಶಾಸನಗಳಿಂದ ಪ್ರಸಿದ್ಧವಾಗಿದೆ. ಕೋಲು ಮುರಿಯಬಹುದು, ಸವೆಯಬಹುದು, ಬದಲಾಗಬಹುದು. ಆದುದರಿಂದ ಕೋಲಿಗೆ ಒಂದು ಹೆಸರನ್ನಿಟ್ಟು, ಎಲ್ಲರೂ ಒಪ್ಪಿದ ಒಂದು ಮೂಲಮಾನಕ್ಕೆ ಅದನ್ನು ಕಟ್ಟಿಹಾಕುತ್ತಿದ್ದರು. ೧೯೦೫ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಇಂತಹ ದಾನಶಾಸನಗಳನ್ನು ಓದಿದವರಿಗೆ ಎಲ್ಲೆಕಲ್ಲುಗಳ ಮಾತು ಹೊಸದಲ್ಲ. ವಿವಾದ ಹುಟ್ಟಿದಾಗ ಮನುಷ್ಯನ ನೆನಪು ಸಾಲದು, ನೆಲದಲ್ಲಿ ನಟ್ಟ ಕಲ್ಲು ಮಾತನಾಡಬೇಕು ಎಂಬುದೇ ಅದರ ಆಶಯ. ಮುಂದೆ ಮೈಲಿಗಲ್ಲು ವಹಿಸಿಕೊಂಡ ಕೆಲಸವೂ ಇದೇ ಆಗಿದೆ.

೩

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಎರಡು ಬಗೆಯ ಮೋಜಣಿಗಳು ಜೊತೆಜೊತೆಯಾಗಿ ನಡೆದುವು. ಒಂದು ಕಾಲಿನ್ ಮೆಕೆಂಜಿಯದು. ಇನ್ನೊಂದು ವಿಲಿಯಂ ಲ್ಯಾಂಬ್ಟನ್ನನದು. ಕಾವಲಿ ವೆಂಕಟ ಬೊರಯ್ಯ ಮೊದಲಾದ ಸಹೋದರರ ನೆರವಿನಿಂದ ಮೆಕೆಂಜಿಯು ಕೂಡಿಹಾಕಿದ ಶಾಸನಪ್ರತಿಗಳೂ ಕೈಫಿಯತ್ತುಗಳೂ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಿಗೆ ಪರಿಚಿತವಾಗಿಯೇ ಇವೆ. ಆದರೆ ಆತನ ಮುಖ್ಯ ಕಾರ್ಯವು ನೆಲದ ಅಳತೆಯೆಂಬುದನ್ನು ಮರೆಯಬಾರದು. ೧೮೧೫ರಲ್ಲಿ ಆತನು ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಇದೇ ಕಾಲದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಾಗಡಿ, ಸಾವನದುರ್ಗ, ರಾಮಗಿರಿ, ಚನ್ನಪಟ್ಟಣಗಳ ಸೀಮೆಯಲ್ಲಿ ಸಂಚರಿಸಿ ಬೆಳೆ, ಕಸುಬು, ಕಾಡುಗಳ ವಿವರಗಳನ್ನು ಬರೆದಿಟ್ಟನು. ಆತನ ಪ್ರವಾಸಗ್ರಂಥವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು.

ಅಂದಿನ ಮೋಜಣಿದಾರರು ದಾರಿಗಳ ಉದ್ದವನ್ನು ತಿಳಿಯಲು ಪೆರಂಬುಲೇಟರ್ ಎಂಬ ಅಳತೆಗಾಲಿಯನ್ನು ಬಳಸುತ್ತಿದ್ದರು. ಹಿಡಿಯುಳ್ಳ ಒಂದು ದೊಡ್ಡ ಗಾಲಿಯನ್ನು ಆಳು ದಾರಿಯುದ್ದಕ್ಕೂ ಉರುಳಿಸುತ್ತ ಹೋಗುವನು; ಗಾಲಿ ಎಷ್ಟು ಸುತ್ತು ಸುತ್ತಿತೆಂಬುದನ್ನು ಹಲ್ಲುಗಾಲಿಗಳು ಎಣಿಸಿ ತೋರಿಸುವುವು. ಉಪಾಯವು ಬಹಳ ಹಳೆಯದು. ರೋಮನ್ ಶಿಲ್ಪಿಯಾದ ವಿಟ್ರೂವಿಯಸನು ತನ್ನ ವಾಸ್ತುಗ್ರಂಥದ ಹತ್ತನೆಯ ಪುಸ್ತಕದಲ್ಲಿ ಇಂತಹ ಬಂಡಿಯೊಂದನ್ನು ವರ್ಣಿಸಿದ್ದಾನೆ. ಅದರ ಗಾಲಿ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುವುದು. ೪೦೦ ಸುತ್ತಿಗೆ ೫,೦೦೦ ಅಡಿ, ಅಂದರೆ ಒಂದು ರೋಮನ್ ಮೈಲಿ ತುಂಬಿದಾಗ ಒಂದು ಕಲ್ಲಿನ ಗುಂಡು ಪೆಟ್ಟಿಗೆಯೊಳಕ್ಕೆ ಬೀಳುವುದು.

ಅಳತೆಗಾಲಿಯ ದೋಷವೂ ಅದರಷ್ಟೇ ಹಳೆಯದು. ಗಾಲಿಯು ತಾನು ಮುಟ್ಟಿದ ನೆಲವನ್ನೆಲ್ಲ ಎಣಿಸುವುದು. ಹಳ್ಳ ದಿಣ್ಣೆಗಳನ್ನು ಹತ್ತಿಳಿದರೆ ಆ ಹತ್ತಿಳಿತವೂ ದೂರಕ್ಕೆ ಸೇರುವುದು. ಆಳು ಅಂಕುಡೊಂಕಾಗಿ ನಡೆದರೆ ಆ ಡೊಂಕೂ ಸೇರುವುದು. ಗಾಲಿಯ ಅಂಚು ಸವೆದರೆ ಸುತ್ತುಗಳು ಹೆಚ್ಚಿ ದಾರಿಯು ಬೆಳೆದಂತೆ ಕಾಣುವುದು. ಇವುಗಳಲ್ಲಿ ಇಳಿಜಾರಿನ ಪಾಲು ಬಹಳ ಕಡಿಮೆ: ಇಪ್ಪತ್ತಕ್ಕೆ ಒಂದರಂತೆ ಏರುವ ದಾರಿಯಲ್ಲಿಯೂ ಅದು ಸುಮಾರು ಎಂಟುನೂರರಲ್ಲಿ ಒಂದು ಪಾಲು ಮಾತ್ರ. ಆದರೆ ಡೊಂಕು ಮತ್ತು ಸವೆತಗಳ ಪಾಲು ಇದಕ್ಕಿಂತ ಬಹಳ ಹೆಚ್ಚಾಗಬಹುದು. ಗಾಲಿಯನ್ನೇ ನಂಬಿ ಭೂಪಟವನ್ನು ಬರೆದರೆ ಊರುಗಳು ಒಂದರಿಂದೊಂದು ದೂರ ಸರಿಯುವುದರಲ್ಲಿ ಸಂಶಯವಿಲ್ಲ.

ಲ್ಯಾಂಬ್ಟನ್ನನ ಕಾರ್ಯವು ಈ ದೋಷಕ್ಕೆ ಹೊರಗಿನ ಸಾಕ್ಷಿಯನ್ನು ಒದಗಿಸಿತು. ಆತನು ೧೮೦೦ರ ಅಕ್ಟೋಬರ್ ತಿಂಗಳಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಬಳಿ ಸುಮಾರು ೭.೪ ಮೈಲಿ ಉದ್ದದ ಒಂದು ಮೂಲರೇಖೆಯನ್ನು ಅಳೆದನು. ಅಳೆದ ಸಾಧನವು ರ‍್ಯಾಮ್ಸ್‌ಡೆನ್ ಎಂಬ ಲಂಡನ್ನಿನ ಕುಶಲಕರ್ಮಿಯು ಮಾಡಿದ ಉಕ್ಕಿನ ಸರಪಳಿ: ಎರಡೂವರೆ ಅಡಿಯ ೪೦ ಕೊಂಡಿಗಳು, ಒಟ್ಟು ೧೦೦ ಅಡಿ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಅಲ್ಲಿ ಸಲ್ಲದೆ ಹಿಂದಿರುಗಿದ ವಸ್ತುಗಳಲ್ಲಿ ಇದೂ ಒಂದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಳಿಯ ಬಳಿ ಉಷ್ಣಮಾಪಕಗಳನ್ನಿಟ್ಟು, ಹಿಗ್ಗಿದಷ್ಟನ್ನು ಲೆಕ್ಕದಲ್ಲಿ ಕಳೆಯುತ್ತಿದ್ದರು. ಎಳೆದೆಳೆದು ಕೊಂಡಿಗಳ ಕೀಲು ಸವೆದು ಸರಪಳಿಯೇ ಉದ್ದವಾಗುವ ಭಯವೂ ಇತ್ತು. ಅದಕ್ಕಾಗಿ ಆಮೇಲೆ ಇಂಗ್ಲೆಂಡಿನಿಂದ ಬಂದ ಎರಡನೆಯ ಸರಪಳಿಯನ್ನು ಕೆಲಸಕ್ಕೆ ಹಚ್ಚದೆ ಮಾದರಿಯಾಗಿ ಕಾದಿರಿಸಿ, ಕೆಲಸದ ಸರಪಳಿಯನ್ನು ಅದರೊಡನೆ ಹೋಲಿಸುತ್ತಿದ್ದರು.

೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇನ್ನೊಂದು ಮೂಲರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದ ತಲೆಯಿಂದ ಬೆಟ್ಟದ ತಲೆಗೆ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದುದಾಯಿತು. ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಸರಪಳಿಯಿಂದಲೇ ಅಳೆದು ನೋಡಿದಾಗ, ತ್ರಿಕೋನಗಳ ಲೆಕ್ಕವು ಹೇಳಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಏಳೂವರೆ ಮೈಲಿಯಲ್ಲಿ ಬಂದ ಅಂತರವು ನಾಲ್ಕು ಅಂಗುಲಕ್ಕಿಂತ ಕಡಿಮೆಯಾಗಿತ್ತು. ಇಲ್ಲಿ ಗಮನಿಸತಕ್ಕುದು ಅಂತರದ ಅಲ್ಪತೆಯೊಂದೇ ಅಲ್ಲ. ಎರಡು ಬೇರೆ ದಾರಿಗಳಿಂದ ಒಂದೇ ಉದ್ದಕ್ಕೆ ಬಂದು ಒಂದನ್ನೊಂದು ಪರೀಕ್ಷಿಸಿದ ಕ್ರಮವು ಅದಕ್ಕಿಂತ ಮುಖ್ಯವಾದುದು.

೪

ಅಳತೆಗಾಲಿಯು ಮೋಟಾರು ಕಾರಿನೊಳಗೆ ಸೇರಿದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಈಗ ಗಾಲಿಯನ್ನು ಉರುಳಿಸುವ ಆಳು ಬೇಕಿಲ್ಲ. ಕಾರಿನ ಗಾಲಿಯೇ ಅಳತೆಗಾಲಿ. ಅದರ ಸುತ್ತು ಗೇರುಪೆಟ್ಟಿಗೆಯ ಒಂದು ಚಿಕ್ಕ ಹಲ್ಲುಗಾಲಿಗೆ ಬಂದು, ಅಲ್ಲಿಂದ ಬಳುಕುವ ಉಕ್ಕಿನ ಕೇಬಲ್ಲಿನ ಮೂಲಕ ಚಾಲಕನ ಮುಂದಿನ ಪೆಟ್ಟಿಗೆಗೆ ತಲಪುವುದು. ಅಲ್ಲಿ ಕೇಬಲ್ಲಿನ ಸುತ್ತು ಇಬ್ಭಾಗವಾಗುವುದು. ಒಂದು ಭಾಗವು ಹಲ್ಲುಗಾಲಿಗಳ ಮೂಲಕ ಅಂಕಿಗಳನ್ನು ಉರುಳಿಸಿ ದೂರವನ್ನು ಎಣಿಸುವುದು. ಇದು ಹಳೆಯ ಪೆರಂಬುಲೇಟರೇ.

ಇನ್ನೊಂದು ಭಾಗದ ಉಪಾಯವು ಹೊಸದು. ಜರ್ಮನಿಯ ಆಟೋ ಶುಲ್ಟ್ಸೆ ಎಂಬಾತನು ೧೯೦೨ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಕೇಬಲ್ಲಿನ ತುದಿಯಲ್ಲಿ ಒಂದು ಅಯಸ್ಕಾಂತವು ತಿರುಗುವುದು. ಅದನ್ನು ಮುಟ್ಟದಂತೆ ಅದರ ಮೇಲೆ ಒಂದು ಅಲ್ಯೂಮಿನಿಯಮ್ ಬಟ್ಟಲು ಕವಿದಿರುವುದು. ಅಯಸ್ಕಾಂತವು ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ಪ್ರವಾಹದ ಸುಳಿಗಳು ಹುಟ್ಟಿ, ಅವುಗಳ ಸೆಳೆತದಿಂದ ಬಟ್ಟಲೂ ತಿರುಗಲೆಳಸುವುದು. ಕೂದಲೆಳೆಯಂತಹ ಒಂದು ಸುರುಳಿಯ ಸ್ಪ್ರಿಂಗು ಅದನ್ನು ತಡೆದು ಹಿಂದಕ್ಕೆಳೆಯುವುದು. ಸೆಳೆತವೂ ತಡೆಯೂ ಸರಿತೂಗಿದ ಎಡೆಯಲ್ಲಿ ಬಟ್ಟಲಿನ ಅಕ್ಷಕ್ಕೆ ಹಚ್ಚಿದ ಮುಳ್ಳು ನಿಲ್ಲುವುದು. ವೇಗವು ಇಮ್ಮಡಿಸಿದರೆ ಸೆಳೆತವೂ ಇಮ್ಮಡಿಸಿ ಮುಳ್ಳೂ ಎರಡರಷ್ಟು ಬಾಗುವುದು. ಇಲ್ಲಿ ಯಾವುದನ್ನೂ ಎಣಿಸಿಲ್ಲ. ಎರಡು ಬಲಗಳ ಸಮತೂಕವನ್ನು ಅಂಕಿಗಳ ಮೇಲೆ ಓದಿದೆ, ಅಷ್ಟೆ.

ಅಲ್ಯೂಮಿನಿಯಮ್ ಕಾದಾಗ ಅದರಲ್ಲಿ ವಿದ್ಯುತ್ತಿನ ಹರಿವು ಕುಗ್ಗಿ ಸೆಳೆತವೂ ಕುಗ್ಗುವುದು. ಅದನ್ನು ಸರಿದೂಗಿಸುವುದಕ್ಕಾಗಿ ಅನೇಕ ವೇಗಮಾಪಕಗಳಲ್ಲಿ, ಕಾದಂತೆಲ್ಲ ಕಾಂತಗುಣವು ಇಳಿಯುವ ಒಂದು ಮಿಶ್ರಲೋಹದ ಚೂರನ್ನು ಅಯಸ್ಕಾಂತದ ಪಕ್ಕದಲ್ಲಿ ಇಟ್ಟಿರುತ್ತಾರೆ. ತಣ್ಣಗಿರುವಾಗ ಈ ಚೂರು ಕಾಂತಶಕ್ತಿಯ ಒಂದು ಪಾಲನ್ನು ತಾನು ನುಂಗುವುದು. ಕಾದಾಗ ಬಟ್ಟಲಿಗೆ ಬಿಟ್ಟುಕೊಡುವುದು. ಲ್ಯಾಂಬ್ಟನ್ನನು ಉಷ್ಣಮಾಪಕವನ್ನು ನೋಡಿ ಕಾಗದದ ಮೇಲೆ ಮಾಡಿದ ತಿದ್ದುಪಡಿಯನ್ನು ಇಲ್ಲಿ ಲೋಹವೇ ಮಾಡುವುದು.

೫

ಹೀಗೆ ಯಂತ್ರದ ರಚನೆಯನ್ನು ತಿಳಿದ ಮೇಲೆ ಅದರ ರೋಗಗಳನ್ನು ಲಕ್ಷಣಗಳಿಂದಲೇ ವಿಂಗಡಿಸಬಹುದು. ಈ ವಿಂಗಡಣೆಯು ಗ್ರಂಥಸಂಪಾದಕನ ಕೆಲಸವನ್ನು ಬಹಳ ಹೋಲುವುದು. ಓಲೆಯ ಪ್ರತಿಯೊಂದರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರವು ತಪ್ಪಿದ್ದರೆ ಅದು ಲಿಪಿಕಾರನ ಕೈತಪ್ಪು. ಒಂದೇ ಬಗೆಯ ತಪ್ಪು ಮೊದಲಿಂದ ಕಡೆಯವರೆಗೆ ಒಂದೇ ಕ್ರಮದಲ್ಲಿ ಬಂದಿದ್ದರೆ ಅದು ಆತನು ಮುಂದಿಟ್ಟುಕೊಂಡಿದ್ದ ಮಾತೃಕೆಯ ತಪ್ಪು. ವೇಗಮಾಪಕದಲ್ಲಿಯೂ ಮುಳ್ಳು ಕ್ರಮವಿಲ್ಲದೆ ತಪ್ಪಿದರೆ ಒಂದು ಕಾರಣ, ಕ್ರಮವಾಗಿ ತಪ್ಪಿದರೆ ಇನ್ನೊಂದು ಕಾರಣ.

ಮುಳ್ಳು ನಡುಗುತ್ತ ಹಿಂದುಮುಂದಾಗುತ್ತಿದ್ದರೆ ದೋಷವು ಸಾಮಾನ್ಯವಾಗಿ ಕೇಬಲ್ಲಿನದು. ಅದು ಒಣಗಿರಬಹುದು, ಕೊಳವೆಯೊಳಗೆ ಎಲ್ಲಿಯೋ ತೀರ ಮುರುಟಿ ಬಾಗಿರಬಹುದು. ಹಿಡಿಹಿಡಿದು ಸುತ್ತುವುದರಿಂದ ಅಯಸ್ಕಾಂತವು ತಡೆದು ನೆಗೆಯುವುದು. ಮುಳ್ಳೂ ಹಾಗೆಯೇ ಕುಣಿಯುವುದು. ಕೇಬಲ್ಲನ್ನು ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಎಳೆಗಳು ಹರಿದಿವೆಯೋ ಎಂದು ಬೆರಳಿನಿಂದ ಸವರಿ ನೋಡಿ, ತೆಳುವಾಗಿ ಗ್ರೀಸನ್ನು ಸವರಿ ಸೇರಿಸಬೇಕು. ಮಾಪಕದ ಕಡೆಯ ಗೇಣುದ್ದಕ್ಕೆ ಮಾತ್ರ ಗ್ರೀಸು ಸಲ್ಲದು. ಸುತ್ತುವ ಕೇಬಲ್ಲು ಗ್ರೀಸನ್ನು ಮೇಲಕ್ಕೇರಿಸಿ ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ತುಂಬಿದರೆ, ಬಟ್ಟಲು ಸೆಳೆತದಿಂದಲ್ಲದೆ ಜಿಡ್ಡಿನಿಂದಲೇ ತಿರುಗಿ, ಮುಳ್ಳು ಇಲ್ಲದ ವೇಗವನ್ನು ತೋರಿಸುವುದು.

ಮುಳ್ಳೂ ಅಂಕಿಗಳೂ ಎರಡೂ ನಿಂತಿದ್ದರೆ ಕೇಬಲ್ಲು ತುಂಡಾಗಿದೆ ಅಥವಾ ಅದರ ತುದಿಯ ಚೌಕವು ಸವೆದು ಜಾರುತ್ತಿದೆ. ಮುಳ್ಳು ನಡೆಯುತ್ತಿದ್ದು ಅಂಕಿಗಳು ಮಾತ್ರ ನಿಂತಿದ್ದರೆ ಎಣಿಕೆಯ ಹಲ್ಲುಗಾಲಿ ಮುರಿದಿದೆ. ಅಂಕಿಗಳು ಸರಿಯಾಗಿ ಉರುಳುತ್ತಿದ್ದು ಮುಳ್ಳು ಮಾತ್ರ ತಪ್ಪುತ್ತಿದ್ದರೆ ರೋಗವು ಅಯಸ್ಕಾಂತ ಮತ್ತು ಸ್ಪ್ರಿಂಗುಗಳಲ್ಲಿ ಇದೆ. ಅಂಕಿಗಳೂ ಮುಳ್ಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಮಾಪಕವು ನಿರ್ದೋಷಿ; ಅದಕ್ಕೆ ಬಂದ ವರದಿಯೇ ತಪ್ಪು. ಅಂತಹ ಸಂದರ್ಭದಲ್ಲಿ ಮಾಪಕವನ್ನು ಬಿಚ್ಚುವುದು ವ್ಯರ್ಥ ಮಾತ್ರವಲ್ಲ, ಹಾನಿಕರ. ಟೈರನ್ನೂ ಗೇರುಪೆಟ್ಟಿಗೆಯನ್ನೂ ಪರೀಕ್ಷಿಸಬೇಕು.

೬

ವರದಿಯ ತಪ್ಪನ್ನು ಕಂಡುಹಿಡಿಯುವ ಲೆಕ್ಕವು ಪೆರಂಬುಲೇಟರಿನ ಲೆಕ್ಕವೇ. ಒಂದು ಮೈಲಿಗೆ ೬೩,೩೬೦ ಅಂಗುಲ. ಗಾಲಿಯು ಒಂದು ಸುತ್ತಿಗೆ ೮೦ ಅಂಗುಲ ಸಾಗುವುದಾದರೆ ಮೈಲಿಗೆ ೭೯೨ ಸುತ್ತುಗಳು ಬೇಕು. ಟೈರು ಸವೆದೋ ಗಾಳಿ ಇಳಿದೋ ಬೇರೆ ಅಳತೆಯ ಟೈರನ್ನು ಹಾಕಿಯೋ ಒಂದು ಸುತ್ತಿಗೆ ೭೮ ಅಂಗುಲವೇ ಸಾಗಿದರೆ ಅದೇ ಮೈಲಿಗೆ ೮೧೨ಕ್ಕಿಂತ ಹೆಚ್ಚು ಸುತ್ತುಗಳಾಗುವುವು. ಮಾಪಕವು ಸುತ್ತನ್ನೇ ಬಲ್ಲುದಲ್ಲದೆ ನೆಲವನ್ನು ಅರಿಯದು. ಅದು ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಹೇಳುವುದು. ಅಂಕಿಗಳಲ್ಲಿ ೧,೦೦೦ ಮೈಲಿ ತುಂಬಿದಾಗ ಕಾರು ನಿಜವಾಗಿ ಸಾಗಿದುದು ೯೭೫ ಮೈಲಿ.

ಬ್ರಿಟಿಷ್ ಮಾದರಿಯ ಅನೇಕ ಮಾಪಕಗಳ ಮುಖದ ಮೇಲೆ ಒಂದು ಚಿಕ್ಕ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಕೇಬಲ್ಲು ಎಷ್ಟು ಸುತ್ತು ಸುತ್ತಿದರೆ ಆ ಮಾಪಕವು ಒಂದು ಮೈಲಿಯೆಂದು ಎಣಿಸುವುದೆಂಬುದನ್ನು ಅದು ಸೂಚಿಸುವುದು. ಕಾರು ಆ ಸಂಖ್ಯೆಯನ್ನು ಒಪ್ಪುವುದೋ ಎಂದು ನೋಡುವ ಕ್ರಮವು ಸರಳವಾದುದು. ಕೇಬಲ್ಲನ್ನು ಮಾಪಕದಿಂದ ಕಳಚಿ, ಅದರ ತುದಿಗೆ ಕಾಗದದ ಒಂದು ಗುರುತನ್ನು ಸಿಕ್ಕಿಸಬೇಕು. ಕಾರನ್ನು ಸಮನೆಲದಲ್ಲಿ ನೇರವಾಗಿ ಮುಂದಕ್ಕೆ ತಳ್ಳುತ್ತ ಹಿಂಗಾಲಿಯು ಸರಿಯಾಗಿ ಆರು ಸುತ್ತು ಸುತ್ತುವಷ್ಟರಲ್ಲಿ ಕೇಬಲ್ಲು ಎಷ್ಟು ಸುತ್ತು ಸುತ್ತಿತೆಂದು ಎಣಿಸಬೇಕು. ಆ ಎಣಿಕೆಯನ್ನು ೧,೬೮೦ರಿಂದ ಗುಣಿಸಿ, ಗಾಲಿಯ ನಡುವಿನಿಂದ ನೆಲದವರೆಗಿನ ಎತ್ತರದ ಅಂಗುಲಗಳಿಂದ ಭಾಗಿಸಿದರೆ ಮೈಲಿಗೆ ಕೇಬಲ್ಲಿನ ಸುತ್ತುಗಳು ದೊರೆಯುವುವು. ೧,೬೮೦ ಎಂಬುದು ಮಾಂತ್ರಿಕ ಸಂಖ್ಯೆಯಲ್ಲ. ೬೩,೩೬೦ನ್ನು ಆರು ಸುತ್ತಿನ ಆರರಿಂದಲೂ, ತ್ರಿಜ್ಯದಿಂದ ಪರಿಧಿಯನ್ನು ಪಡೆಯುವ ೬.೨೮ರಿಂದಲೂ ಭಾಗಿಸಿದಾಗ ಬರುವ ಲಬ್ಧವು ಅದು. ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಿ ತಿರುಗಿಸಿ ಎಣಿಸಬಾರದು. ಒಂದು ಗಾಲಿ ನಿಂತು ಇನ್ನೊಂದೇ ಸುತ್ತಿದರೆ ನಡುವಣ ಡಿಫರೆನ್ಷಿಯಲ್ಲು ಅದರ ಎರಡು ಸುತ್ತನ್ನು ಒಂದೆಂದು ಹೇಳುವುದು.

ಉದಾಹರಣೆಗೆ ಮಾಪಕದ ಮುಖದ ಸಂಖ್ಯೆ ೯೯೦ ಇದ್ದು ಲೆಕ್ಕದಲ್ಲಿ ೧,೦೫೬ ಬಂದಿತೆಂದಿಟ್ಟುಕೊಂಡರೆ, ಆ ಮಾಪಕವು ಬೇರೆ ಕಾರಿಗಾಗಿ ಹುಟ್ಟಿದ್ದು. ನೂರಕ್ಕೆ ಆರಕ್ಕಿಂತ ಮಿಗಿಲಾಗಿ ಹೆಚ್ಚು ಹೇಳುವುದು. ಅಂಬಾಸಡರ್ ಕಾರು ೧೯೫೭ರಿಂದ ೨೦೧೪ರವರೆಗೆ ತಯಾರಾಯಿತು. ಅಷ್ಟು ದೀರ್ಘಕಾಲದಲ್ಲಿ ಹಲವು ಬಾರಿ ಕಳಚಿ ಕೂಡಿಸಿದ ಹಳೆಯ ಕಾರುಗಳಲ್ಲಿ ಒಂದರ ಗೇರುಪೆಟ್ಟಿಗೆಯೂ ಇನ್ನೊಂದರ ಮಾಪಕವೂ ಕೂಡಿಕೊಳ್ಳುವುದು ಸಹಜ. ಇದಕ್ಕೆ ಪರಿಹಾರವು ಗೇರುಪೆಟ್ಟಿಗೆಯ ಚಿಕ್ಕ ಹಲ್ಲುಗಾಲಿಯನ್ನು ಬದಲಾಯಿಸುವುದು, ಇಲ್ಲವೆ ಕೇಬಲ್ಲಿನ ನಡುವೆ ಸುತ್ತನ್ನು ಬೇಕಾದ ಪ್ರಮಾಣಕ್ಕೆ ಇಳಿಸುವ ಅಥವಾ ಏರಿಸುವ ಒಂದು ಪುಟ್ಟ ಗೇರನ್ನು ಸೇರಿಸುವುದು.

೭

ವರದಿಯು ಸರಿಯಾಗಿದ್ದೂ ಮುಳ್ಳು ತಪ್ಪುತ್ತಿದ್ದರೆ ಮಾತ್ರ ಮಾಪಕವನ್ನು ಬಿಚ್ಚಿ ಹೊಂದಿಸಬೇಕು. ಇದಕ್ಕೆ ಕನ್ನಡದಲ್ಲಿ ಒಪ್ಪುವ ಮಾತು ಶ್ರುತಿಗೂಡಿಸುವುದು ಎಂಬುದೇ. ಚನ್ನಪಟ್ಟಣದಲ್ಲಿ ಹಿಂದೆ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದ ಕಸುಬನ್ನು ಬುಕಾನನ್ ದಾಖಲಿಸಿದ್ದಾನೆ. ವೀಣೆಯ ತಂತಿಯು ಎಷ್ಟು ಉತ್ತಮವಾದುದಾದರೂ ತನ್ನ ಸ್ವರವು ಸರಿಯೆಂಬುದನ್ನು ತಾನೇ ತೀರ್ಮಾನಿಸಲಾರದು; ತಂಬೂರಿಯ ಶ್ರುತಿಯೊಡನೆ ಕೇಳಿ ಬಿಗಿಯಬೇಕು, ಸಡಿಲಿಸಬೇಕು. ಮಾಪಕದ ಸ್ಪ್ರಿಂಗಿಗೂ ಇದೇ ವಿಧಿ.

ಬಿಚ್ಚಿದ ಮಾಪಕವನ್ನು, ಸುತ್ತುಗಳನ್ನು ಖಚಿತವಾಗಿ ಬಲ್ಲ ಒಂದು ವಿದ್ಯುತ್ ಮೋಟಾರಿನಿಂದ ತಿರುಗಿಸಬೇಕು. ಮೈಲಿಗೆ ೧,೦೦೦ ಸುತ್ತಿನ ಮಾಪಕವಾದರೆ ನಿಮಿಷಕ್ಕೆ ೧,೦೦೦ ಸುತ್ತಿಗೆ ಮುಳ್ಳು ಗಂಟೆಗೆ ೬೦ ಮೈಲಿಯನ್ನೂ, ೫೦೦ ಸುತ್ತಿಗೆ ೩೦ ಮೈಲಿಯನ್ನೂ ತೋರಿಸತಕ್ಕುದು. ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಎಡೆಗಳಲ್ಲಾದರೂ ನೋಡಬೇಕು. ಮೂರರಲ್ಲಿಯೂ ಸಮಸಂಖ್ಯೆಯಷ್ಟು, ಅಂದರೆ ಎಲ್ಲ ಕಡೆಯೂ ಐದೈದು ಮೈಲಿಯಂತೆ ತಪ್ಪಿದರೆ ಮುಳ್ಳು ತನ್ನ ಅಕ್ಷದ ಮೇಲೆ ಸರಿದಿದೆ. ಅದನ್ನು ಮೆಲ್ಲನೆ ಎತ್ತಿ ಸರಿಯಾದ ಎಡೆಯಲ್ಲಿ ಕೂರಿಸಿದರೆ ಸಾಕು. ಮೂರರಲ್ಲಿಯೂ ಸಮಪ್ರಮಾಣದಲ್ಲಿ, ಅಂದರೆ ನೂರಕ್ಕೆ ಹತ್ತರಂತೆ ಕಡಿಮೆ ತೋರಿದರೆ ಅಯಸ್ಕಾಂತದ ಬಲವು ಕಾಲಕ್ರಮದಲ್ಲಿ ಕುಂದಿದೆಯೆಂದು ಊಹಿಸಬೇಕು. ಅದಕ್ಕೆ ಬಲವಾದ ಕಾಂತಕ್ಷೇತ್ರದಲ್ಲಿ ಪೂರ್ಣಶಕ್ತಿಯನ್ನು ತುಂಬಿ, ಮುಳ್ಳು ಹೆಚ್ಚು ತೋರುವಂತೆ ಮಾಡಿ, ಆಮೇಲೆ ದಿಕ್ಕು ಬದಲಾಗುತ್ತಿರುವ ಅಲ್ಪ ಕಾಂತಕ್ಷೇತ್ರದಿಂದ ಆ ಶಕ್ತಿಯನ್ನು ಎಳ್ಳಷ್ಟೆಳ್ಳಷ್ಟಾಗಿ ಇಳಿಸುತ್ತ ಮುಳ್ಳನ್ನು ಸರಿಯಾದ ಎಡೆಗೆ ತರುವುದು ವಾಡಿಕೆ. ಕೆಳಗೆ ಸರಿಯಾಗಿದ್ದು ಮೇಲೆ ಮಾತ್ರ ತಪ್ಪಿದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಗುಲಿವೆ ಅಥವಾ ಬಟ್ಟಲು ಎಲ್ಲಿಯೋ ಉಜ್ಜುತ್ತಿದೆ. ಹೀಗೆ ತಪ್ಪಿನ ಆಕಾರವೇ ತಪ್ಪಿನ ಮೂಲವನ್ನು ಹೇಳುವುದು.

ಹೊಂದಿಸುವಾಗ ಯಾವ ಕಡೆಗೆ ಒಲಿಯಬೇಕೆಂಬುದಕ್ಕೂ ಒಂದು ನೀತಿಯುಂಟು. ವಿಶ್ವಸಂಸ್ಥೆಯ ಯುರೋಪಿನ ಆರ್ಥಿಕ ಆಯೋಗದ ೩೯ನೆಯ ನಿಯಮದಂತೆ ಮಾಪಕವು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದಿಗೂ ತೋರಬಾರದು. ನಿಜವೇಗದ ಹತ್ತನೆಯ ಒಂದು ಪಾಲಿಗೆ ನಾಲ್ಕು ಕಿಲೋಮೀಟರು ಕೂಡಿಸಿದಷ್ಟರ ಒಳಗೆ ಹೆಚ್ಚು ತೋರಬಹುದು. ನಿಜವೇಗವು ೮೦ ಆದರೆ ಮುಳ್ಳು ೮೦ರಿಂದ ೯೨ರ ಒಳಗೆ ಇರಬೇಕು. ಹೆಚ್ಚು ಹೇಳುವ ಸುಳ್ಳು ಚಾಲಕನನ್ನು ಎಚ್ಚರಿಸುವುದು. ಕಡಿಮೆ ಹೇಳುವ ಸುಳ್ಳು ಅವನನ್ನು ಕೊಲ್ಲಬಹುದು.

೮

ಮೇಜಿನ ಮೇಲೆ ಹೊಂದಿಸಿದ ಮಾಪಕಕ್ಕೆ ಕಡೆಯ ಪರೀಕ್ಷೆಯು ದಾರಿಯಲ್ಲಿಯೇ ನಡೆಯಬೇಕು. ಇಲ್ಲಿ ಕಲ್ಲು ಮತ್ತೆ ಸಾಕ್ಷಿಯಾಗಿ ಬರುವುದು. ಒಂದೇ ವೇಗದಲ್ಲಿ ಸಾಗುತ್ತ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹಿಡಿದ ಕ್ಷಣಗಳಿಂದ ೩,೬೦೦ನ್ನು ಭಾಗಿಸಿದರೆ ನಿಜವಾದ ವೇಗವು ಬರುವುದು. ಕಲ್ಲುಗಳು ಮೈಲಿಯವಾದರೆ ಉತ್ತರವು ಮೈಲಿಯಲ್ಲಿ, ಕಿಲೋಮೀಟರಿನವಾದರೆ ಕಿಲೋಮೀಟರಿನಲ್ಲಿ. ಲೆಕ್ಕವನ್ನು ಪಕ್ಕದಲ್ಲಿ ಕುಳಿತವರು ಮಾಡಬೇಕೇ ಹೊರತು ಚಾಲಕನಲ್ಲ.

ಮೈಲಿಯ ಕಾರಿಗೆ ಇಂದು ಮೈಲಿಯ ಕಲ್ಲು ದೊರೆಯದು. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ಭಾರತವು ಮೆಟ್ರಿಕ್ ಮಾನವನ್ನು ಸ್ವೀಕರಿಸಿತು. ತರುವಾಯ ದಾರಿಯ ಕಲ್ಲುಗಳೂ ಕಿಲೋಮೀಟರಿಗೆ ತಿರುಗಿದುವು. ‘ಮೈಲಿಗಲ್ಲು’ ಎಂಬ ಮಾತು ಮಾತ್ರ ಭಾಷೆಯಲ್ಲಿ ಉಳಿಯಿತು. ಆ ಕಾಲಕ್ಕೆ ಮುಂಚಿನ ಕಾರುಗಳ ಮುಖಗಳು ಮೈಲಿಯಲ್ಲಿಯೇ ಉಳಿದಿವೆ. ಐದು ಮೈಲಿಗೆ ಎಂಟು ಕಿಲೋಮೀಟರೆಂಬ ಬಾಯಿಲೆಕ್ಕದಲ್ಲಿ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆಯಾದುದರಿಂದ ದಿನಬಳಕೆಗೆ ಅದು ಸಾಕು, ಶೋಧನೆಗೆ ೧.೬೦೯ ಎಂದು ಹಿಡಿಯಬೇಕು.

ನಾಲ್ಕು ಊರುಗಳ ಸೀಮೆಯಲ್ಲಿ ಈ ಪರೀಕ್ಷೆಗೆ ಒದಗುವ ದಾರಿಗಳು ಬೇರೆ ಬೇರೆ ಗುಣದವು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯು ರಾಮನಗರ, ಚನ್ನಪಟ್ಟಣಗಳ ಊರೊಳಗೇ ಹಾದುಹೋಗುವುದು. ಮಾಗಡಿಯಿಂದ ರಾಮನಗರದ ಮೂಲಕ ಕನಕಪುರಕ್ಕೆ ಹೋಗುವ ದಾರಿಯು ಬಂಡೆಬೆಟ್ಟಗಳ ನಡುವೆ ತಿರುಗುತ್ತ ಏರಿಳಿಯುವುದು. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆಗೆ ಹಳದಿ ಬಣ್ಣವೂ ರಾಜ್ಯ ಹೆದ್ದಾರಿಯ ಕಲ್ಲಿನ ತಲೆಗೆ ಹಸುರು ಬಣ್ಣವೂ ಇರುವುದು ಪದ್ಧತಿ. ನಡುನಡುವೆ ೨೦೦ ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳೂ ಇರುವುದುಂಟು. ಆದರೆ ಕಲ್ಲೂ ತಪ್ಪು ಸಾಕ್ಷಿಯನ್ನು ಹೇಳಬಹುದು. ದಾರಿಯನ್ನು ಅಗಲಿಸಿದಾಗ, ತಿರುವನ್ನು ನೇರಮಾಡಿದಾಗ ಕಲ್ಲನ್ನು ಕಿತ್ತು ಬೇರೆ ಕಡೆ ನಟ್ಟಿರಬಹುದು. ಆದುದರಿಂದ ಒಂದು ಕಿಲೋಮೀಟರನ್ನು ನಂಬದೆ ಐದು ಅಥವಾ ಹತ್ತು ಕಿಲೋಮೀಟರುಗಳ ಮೇಲೆ ಅಂಕಿಗಳ ಎಣಿಕೆಯನ್ನು ನೋಡಬೇಕು. ಹೋಗುವಾಗಲೂ ಬರುವಾಗಲೂ ನೋಡಬೇಕು. ಉಪಗ್ರಹಗಳಿಂದ ವೇಗವನ್ನು ತಿಳಿಯುವ ಜಿಪಿಎಸ್ ಇಂದು ಪ್ರತಿಯೊಬ್ಬನ ಕೈಯಲ್ಲಿರುವ ಫೋನಿನಲ್ಲಿಯೇ ಇದೆ. ಅದು ಗಾಲಿಯನ್ನಾಗಲಿ ಕಲ್ಲನ್ನಾಗಲಿ ಆಶ್ರಯಿಸದ ಮೂರನೆಯ ಸಾಕ್ಷಿಯಾದುದರಿಂದ ಬಹಳ ಬೆಲೆಯುಳ್ಳದ್ದು. ಆದರೂ ಎತ್ತರವಾದ ಬಂಡೆಗಳ ಮಗ್ಗುಲಲ್ಲಿ ಅದು ತಡವರಿಸಬಹುದು. ಬಯಲಿನ ನೇರದಾರಿಯಲ್ಲಿ ಸಮವೇಗದಿಂದ ಸಾಗುವಾಗ ಅದರ ಮಾತನ್ನು ಕೇಳಬೇಕು.

ಈ ಶೋಧನೆಯು ಹಳೆಯ ವಸ್ತುಗಳ ಮೇಲಣ ಮೋಹದ ಮಾತೆಂದು ಅಲ್ಲಗಳೆಯುವಂತಿಲ್ಲ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವುದು. ಅಲ್ಲಿ ನಡೆದ ಅಪಘಾತಗಳ ದೆಸೆಯಿಂದ ಅದೇ ವರ್ಷದಲ್ಲಿ ಕಾರುಗಳ ವೇಗಕ್ಕೆ ಗಂಟೆಗೆ ೧೦೦ ಕಿಲೋಮೀಟರಿನ ಮಿತಿಯನ್ನು ಬಿಗಿಯಾಗಿ ಜಾರಿಗೆ ತಂದು, ಕ್ಯಾಮರಾಗಳ ಕಾವಲನ್ನಿಟ್ಟರು. ಮೈಲಿಯ ಮುಖವುಳ್ಳ ಹಳೆಯ ಕಾರಿಗೆ ಆ ಮಿತಿಯು ೬೨ರ ಎಡೆಯಲ್ಲಿ ಬರುವುದು. ಆ ಮಾಪಕವು ನೂರಕ್ಕೆ ಆರರಂತೆ ಕಡಿಮೆ ಹೇಳುವುದಾದರೆ, ಮುಳ್ಳು ೬೨ರಲ್ಲಿ ಇರುವಾಗ ಕಾರು ೧೦೬ ಕಿಲೋಮೀಟರಿನಲ್ಲಿ ಓಡುತ್ತಿರುವುದು. ದಂಡವು ಅಲ್ಪವಾದ ಮಾತು. ಅರ್ಧ ಶತಮಾನದ ಹಿಂದಿನ ಬ್ರೇಕುಗಳು ಆ ವೇಗವನ್ನು ಹೊಸ ಕಾರಿನಂತೆ ತಡೆಯಲಾರವೆಂಬುದೇ ಮುಖ್ಯವಾದ ಮಾತು.

೯

ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ೧೯೯೯ರಿಂದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ಕಾರುಗಳನ್ನು ತಯಾರಿಸುತ್ತಿದೆ. ಇಂದಿನ ಹೊಸ ಕಾರುಗಳಲ್ಲಿ ಕೇಬಲ್ಲೂ ಇಲ್ಲ, ತಿರುಗುವ ಅಯಸ್ಕಾಂತದ ಬಟ್ಟಲೂ ಇಲ್ಲ. ಗಾಲಿಯ ಸುತ್ತನ್ನು ವಿದ್ಯುತ್ ಸಂಜ್ಞೆಗಳಾಗಿ ಎಣಿಸಿ, ದೂರವನ್ನೂ ವೇಗವನ್ನೂ ಒಂದೇ ಎಣಿಕೆಯಿಂದ ಪಡೆಯುತ್ತಾರೆ. ಅಂದಾಜು ಅಳಿದು ಎಣಿಕೆಯೇ ಉಳಿಯಿತು. ಆದರೂ ಟೈರು ಸವೆದರೆ ಅದೂ ತಪ್ಪುವುದು. ನೆಲವನ್ನು ನೇರವಾಗಿ ಬಲ್ಲ ಗಾಲಿಯು ಇನ್ನೂ ಹುಟ್ಟಿಲ್ಲ.

ಹಳೆಯ ಮಾಪಕದೊಳಗಣ ಯಂತ್ರವನ್ನು ತೆಗೆದುಹಾಕಿ, ಹಳೆಯ ಮುಖದ ಹಿಂದೆ ಹೊಸ ವಿದ್ಯುತ್ ಯಂತ್ರವನ್ನು ಕೂರಿಸುವ ಪದ್ಧತಿಯೂ ಈಗ ಬಂದಿದೆ. ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಆಕ್ಷೇಪವಿಲ್ಲ. ಆದರೆ ಕಾರನ್ನು ಚರಿತ್ರೆಯ ಆಧಾರವೆಂದು ಕಾಪಾಡುವವರು ಒಂದು ವಿಷಯದಲ್ಲಿ ಎಚ್ಚರವಾಗಿರತಕ್ಕುದು. ಮುಳ್ಳು ಹೇಳುವುದು ಈ ಕ್ಷಣದ ಮಾತು. ಅದನ್ನು ತಿದ್ದಿದರೆ ಯಾವ ದಾಖಲೆಯೂ ಅಳಿಯದು. ಅಂಕಿಗಳು ಹೇಳುವುದು ಕಾರಿನ ಇಡೀ ಆಯುಷ್ಯದ ಮಾತು, ಅದು ದಾಖಲೆಯೇ. ಎಣಿಕೆಯು ನೂರಕ್ಕೆ ಎರಡೂವರೆ ಹೆಚ್ಚಾಗಿತ್ತೆಂದು ಗೊತ್ತಾದ ಮೇಲೆ, ಅಂಕಿಗಳನ್ನು ಹಿಂದಕ್ಕೆ ತಿರುಗಿಸಿ ಸರಿಪಡಿಸುವುದು ಸಲ್ಲದು. ಆಗ ಹಳೆಯ ತಪ್ಪೂ ಹೊಸ ತಿದ್ದುಪಡಿಯೂ ಬೆರೆತು, ಮುಂದಿನವರಿಗೆ ಯಾವುದು ಯಾವುದೆಂದು ತಿಳಿಯದಾಗುವುದು. ಮಾರಾಟದ ಸಮಯದಲ್ಲಿ ಮಾಡಿದರೆ ಅದು ವಂಚನೆಯೂ ಆಗುವುದು. ಅಂಕಿಗಳನ್ನು ಇದ್ದಂತೆಯೇ ಬಿಟ್ಟು, ಇಂತಹ ದಿನ, ಇಷ್ಟು ಅಂಕಿ ಇದ್ದಾಗ, ಇಂತಹ ಟೈರಿನಿಂದ, ಇಷ್ಟು ಕಿಲೋಮೀಟರುಗಳ ಮೇಲೆ ಪರೀಕ್ಷಿಸಲಾಗಿ ಇಷ್ಟು ತಪ್ಪು ಕಂಡುಬಂದಿತೆಂದು ಕಾರಿನ ಕಾಗದಪತ್ರಗಳೊಡನೆ ಬರೆದಿಡಬೇಕು.

ಸಂಪಾದಕನು ಓಲೆಯ ಪಾಠವನ್ನು ಕೆರೆದು ತಿದ್ದುವುದಿಲ್ಲ. ತಾನು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಪ್ರತಿಯ ಪಾಠವನ್ನು ಅಡಿಯಲ್ಲಿ ಉಳಿಸುವನು. ಲ್ಯಾಂಬ್ಟನ್ನನೂ ಬಿಸಿಲಿಗೆ ಹಿಗ್ಗಿದ ಸರಪಳಿಯನ್ನು ಕತ್ತರಿಸಲಿಲ್ಲ. ಹಿಗ್ಗಿದಷ್ಟನ್ನು ಬರೆದುಕೊಂಡು ಲೆಕ್ಕದಲ್ಲಿ ಕಳೆದನು. ಹಳೆಯ ಕಾರಿನ ಮಾಪಕವನ್ನು ಶೋಧಿಸುವವರು ಮುಳ್ಳನ್ನು ತಿದ್ದಲಿ, ಗಾಲಿಯ ವರದಿಯನ್ನು ತಿದ್ದಲಿ. ಕೂಡಿಬಂದ ಎಣಿಕೆಯನ್ನು ಮಾತ್ರ ಅಳಿಸದೆ, ಅದರ ತಪ್ಪಿನ ಪ್ರಮಾಣವನ್ನು ಅದರ ಪಕ್ಕದಲ್ಲಿ ಬರೆದಿಡಲಿ.